ಸೋಂಪಿನ ತಟ್ಟೆಯಲ್ಲಿ ಎಷ್ಟು ಇಡುವುದು

ಭಾನುವಾರ ಬೆಳಿಗ್ಗೆ ವಾರಿಜಕ್ಕನ ಫೋನ್ ಅರ್ಧದಲ್ಲಿ ಕಡಿದು ಹೋಗದಿದ್ದರೆ ಭವಿತ್‌ಗೆ ಆ ದಿನ ಇಷ್ಟೆಲ್ಲ ಆಗುತ್ತಿರಲಿಲ್ಲ.

ವಾರಿಜಕ್ಕ ಅವನ ಅಮ್ಮನ ಕಡೆಯಿಂದ ದೂರದ ಸಂಬಂಧಿ. ಯಾವ ಮನೆಯಲ್ಲಿ ಮದುವೆಯ ಪ್ರಾಯದ ಹುಡುಗನಿದ್ದಾನೆ, ಯಾವ ಮನೆಯಲ್ಲಿ ಹುಡುಗಿಯಿದ್ದಾಳೆ ಎಂಬುದೆಲ್ಲ ಅವಳ ನಾಲಗೆಯ ತುದಿಯಲ್ಲಿರುತ್ತಿತ್ತು. ಈ ಸಂಬಂಧ ತಂದವಳೂ ಅವಳೇ. ಹುಡುಗಿ ಸಾತ್ವಿಕಾ, ಬಂಟ್ವಾಳದವಳು, ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಮೊದಲು ಹುಡುಗ ಹುಡುಗಿ ಇಬ್ಬರೇ ಎಲ್ಲಾದರೂ ಕುಳಿತು ಮಾತಾಡಲಿ, ಹಿರಿಯರು ಆಮೇಲೆ ಎಂಬುದು ಈಗಿನ ಕ್ರಮ. ಹಾಗೆ ಮಡಂತ್ಯಾರಿನ ಒಂದು ಹೋಟೆಲಿನಲ್ಲಿ ಹನ್ನೊಂದು ಗಂಟೆಗೆ ಭೇಟಿ ನಿಶ್ಚಯವಾಗಿತ್ತು. ಭವಿತ್ ವೇಣೂರಿನ ಸೊಸೈಟಿಯಲ್ಲಿ ಗುಮಾಸ್ತ. ಸಾತ್ವಿಕಾಳ ಫೋಟೋ ಮೊಬೈಲಿಗೆ ಬಂದ ದಿನದಿಂದ ಒಬ್ಬರ ಪಾಸ್‌ಬುಕ್ಕನ್ನು ಇನ್ನೊಬ್ಬರಿಗೆ ಕೊಟ್ಟು ಬೈಗುಳ ತಿನ್ನುತ್ತಿದ್ದ.

"ಭವಿತ್, ಒಂದು ವಿಷಯ ಹೇಳ್ಲಿಕ್ಕೆ ಮರ್ತೇ ಹೋಯ್ತು," ಎಂದಳು ವಾರಿಜಕ್ಕ ಬಸ್ಸಿನೊಳಗಿಂದ. "ಹುಡುಗಿಗೆ ಸೋದರಮಾವ ಒಬ್ಬರಿದ್ದಾರೆ, ಶಂಭು ಶೆಟ್ರು. ಪುಣೆಯಲ್ಲಿ ಹೋಟೆಲು ಇರುವವರು. ಆ ಮನೆಯಲ್ಲಿ ಅವರು ಹೂಂ ಅಂದ್ರೆ ಮಾತ್ರ ಮದುವೆ. ಹಿಂದಿನ ಹುಡುಗನನ್ನು ಬೇಡ ಅಂದದ್ದು ಯಾಕೆ ಗೊತ್ತುಂಟಾ? ಟಿಪ್ಸಿನ ವಿಷಯದಲ್ಲಿ. ಅವ ಹೋಟೆಲಿನಲ್ಲಿ ಸರ್ವರಿಗೆ ಕೊಟ್ಟ ಟಿಪ್ಸ್..."

ಬಸ್ಸು ಸಿಗ್ನಲ್ ಇಲ್ಲದ ತಿರುವಿಗೆ ಹೋಯಿತು. ಭವಿತ್ ಮತ್ತೆ ಮತ್ತೆ ಫೋನ್ ಮಾಡಿದ. ವಾರಿಜಕ್ಕನ ಬದಲು ಒಬ್ಬಳು ಹೆಂಗಸು ಕನ್ನಡದಲ್ಲಿ, ಹಿಂದಿಯಲ್ಲಿ ಕ್ಷಮೆ ಕೇಳುತ್ತಲೇ ಇದ್ದಳು.

"ಅಮ್ಮಾ, ಟಿಪ್ಸ್ ಜಾಸ್ತಿಯಾಗಿ ಬೇಡ ಅಂದದ್ದಾ, ಕಡಿಮೆಯಾಗಿ ಬೇಡ ಅಂದದ್ದಾ?" ಎಂದು ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

ಅಮ್ಮ ಪ್ರಫುಲ್ಲಾ ದೋಸೆ ಮಗುಚುತ್ತಿದ್ದಳು. "ಕೊಟ್ಟದ್ದೇ ತಪ್ಪು. ಹೋಟೆಲಿನವ ಸಂಬಳ ಕೊಡ್ತಾನೆ, ಅವರು ಬಡಿಸ್ತಾರೆ. ನೀನು ಸೊಸೈಟಿಯಲ್ಲಿ ಪಾಸ್‌ಬುಕ್ ಬರ್ದು ಕೊಟ್ರೆ ಯಾರಾದ್ರೂ ಹತ್ತು ರೂಪಾಯಿ ಕೊಡ್ತಾರಾ? ಕೊಟ್ರೆ ಅದಕ್ಕೆ ಬೇರೆಯೇ ಹೆಸರುಂಟು. ನಾನು ನಿನಗೆ ಮೂವತ್ತಮೂರು ವರ್ಷದಿಂದ ಬಡಿಸ್ತಾ ಇದ್ದೇನೆ. ಒಂದು ದಿನ ತಟ್ಟೆಯ ಅಡಿಯಲ್ಲಿ ಏನಾದ್ರೂ ಇಟ್ಟದ್ದುಂಟಾ?"

ಅಷ್ಟರಲ್ಲಿ ಪಕ್ಕದ ಮನೆಯ ಪದ್ಮಾಕ್ಷಿ ಟೀಚರ್ ಬಸಳೆ ಸೊಪ್ಪಿನ ಕಟ್ಟು ಹಿಡಿದು ಒಳಗೆ ಬಂದರು. ನಿವೃತ್ತಿಯಾದ ಮೇಲೆ ಅವರಿಗೆ ಇಡೀ ಓಣಿಯೇ ತರಗತಿ. ವಿಷಯ ತಿಳಿದವರೇ ಕನ್ನಡಕ ಮೇಲೇರಿಸಿದರು.

"ಟಿಪ್ಸ್ ಅಂದ್ರೆ ಒಬ್ಬ ಮನುಷ್ಯನನ್ನು ಸಣ್ಣ ಮಾಡುವುದು. ನೀನು ಅವರ ಮುಖ ನೋಡಿ, ಹೆಸರು ಕೇಳಿ, ತಿಂಡಿ ಚೆನ್ನಾಗಿತ್ತು ಅಂತ ಒಂದು ಮಾತು ಹೇಳು. ಅದಕ್ಕೆ ಬೆಲೆ ಕಟ್ಲಿಕ್ಕೆ ಆಗ್ತದಾ?"

"ಬೆಲೆ ಕಟ್ಲಿಕ್ಕೆ ಆಗುದಿಲ್ಲ ಟೀಚರೇ, ಅದೇ ಕಷ್ಟ," ಎಂಬ ದನಿ ಜಗಲಿಯಿಂದ ಬಂತು. ಭವಿತ್‌ನನ್ನು ಮಡಂತ್ಯಾರಿಗೆ ಕರೆದೊಯ್ಯಲು ಗೆಳೆಯ ಫಯಾಝ್ ಕಾರು ತಂದಿದ್ದ. ಶಾರ್ಜಾದ ಹೋಟೆಲೊಂದರಲ್ಲಿ ಎಂಟು ವರ್ಷ ಬಡಿಸಿ ಬಂದು ಈಗ ಬಾಡಿಗೆ ಕಾರು ಓಡಿಸುತ್ತಿದ್ದ. "ಒಳ್ಳೆ ಮಾತನ್ನು ಊರಿಗೆ ಕಳಿಸ್ಲಿಕ್ಕೆ ಆಗ್ತದಾ? ನನ್ನ ಸಂಬಳ ರೂಮಿನ ಬಾಡಿಗೆಗೂ ಊಟಕ್ಕೂ ಸರಿಯಾಗ್ತಿತ್ತು. ತಂಗಿಯ ಮದುವೆ ಅರ್ಧ ಆದದ್ದು ಟಿಪ್ಸಿನಲ್ಲಿ. ಬಿಲ್ಲಿನ ಹತ್ತರಲ್ಲಿ ಒಂದು ಪಾಲು ಇಡು ಮಾರಾಯ. ಶಂಭು ಶೆಟ್ರು ಹೋಟೆಲಿನವರು, ಅವರಿಗೆ ಗೊತ್ತಿರ್ತದೆ."

"ಹೋಟೆಲಿನವರು ಆದ ಕಾರಣವೇ ಕೊಡ್ಬಾರ್ದು," ಎಂದಳು ಪ್ರಫುಲ್ಲಾ. "ಗಿರಾಕಿ ಟಿಪ್ಸ್ ಕೊಟ್ಟ ಅಂದ್ರೆ ಧಣಿ ಸಂಬಳ ಕೊಡುದಿಲ್ಲ ಅಂತ ಅರ್ಥ. ಧಣಿಗೆ ಅವಮಾನ ಅಲ್ವಾ?"

ಮೂವರೂ ಸರಿ ಎಂದು ಭವಿತ್‌ಗೆ ಕಂಡಿತು. ಅವನ ದೊಡ್ಡ ತೊಂದರೆಯೇ ಅದು. ಯಾರು ಕೊನೆಗೆ ಮಾತಾಡಿದರೋ ಅವರ ಕಡೆಗೆ ತೂಗುಯ್ಯಾಲೆಯ ಹಾಗೆ ಹೋಗಿ ನಿಲ್ಲುತ್ತಿದ್ದ. ದೋಸೆ ತಿನ್ನುವಾಗ ಕೊಡಬಾರದು ಎಂದುಕೊಂಡ. ಅಂಗಿಗೆ ಇಸ್ತ್ರಿ ಹಾಕುವಾಗ ಕೊಡಬೇಕು ಎಂದುಕೊಂಡ. ಹೊರಡುವಾಗ, ತನಗೂ ಮಡಂತ್ಯಾರಿನಲ್ಲಿ ಸ್ವಲ್ಪ ಸಾಮಾನು ತೆಗೆದುಕೊಳ್ಳಲಿಕ್ಕುಂಟೆಂದು ಪದ್ಮಾಕ್ಷಿ ಟೀಚರ್ ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಕುಳಿತಾಗಿತ್ತು.

ಹೋಟೆಲಿನಲ್ಲಿ ಭವಿತ್ ಕಿಟಕಿಯ ಬದಿಯ ಟೇಬಲ್ ಹಿಡಿದ. ಫಯಾಝ್ ಮತ್ತು ಟೀಚರ್ ಪರಿಚಯವೇ ಇಲ್ಲದವರಂತೆ ದೂರದ ಮೂಲೆಯಲ್ಲಿ ಕುಳಿತರು. ಆದರೆ ಟೀಚರ್ ಅಲ್ಲಿಂದಲೇ, ಕಾಲರ್ ಸರಿ ಮಾಡಿಕೋ ಎಂದು ಕೈಸನ್ನೆ ಮಾಡುತ್ತಿದ್ದರು.

ಆಗ ಸರ್ವರ್ ಬಂದರು.

ಬಂದವರನ್ನು ನೋಡಿ ಭವಿತ್ ಅರಿವಿಲ್ಲದೆ ಎದ್ದು ನಿಂತ. ಅರುವತ್ತರ ಆಸುಪಾಸಿನ ಎತ್ತರದ ಆಳು. ಬೆಳ್ಳಗಿನ ಮೀಸೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆರಳಿನಲ್ಲಿ ಹರಳಿನ ಉಂಗುರ. ನೀರಿನ ಲೋಟ ಇಟ್ಟ ರೀತಿ ನೋಡಿದರೆ ತಮ್ಮದೇ ಜಾಗದ ಗಡಿಕಲ್ಲು ಇಟ್ಟ ಹಾಗಿತ್ತು.

"ಯಾವ ಊರಾಯ್ತು?" ಎಂದು ಕೇಳಿದರು.

"ವೇಣೂರು."

"ವೇಣೂರಿನಲ್ಲಿ ಯಾರ ಮನೆ?"

ಭವಿತ್ ಹೇಳಿದ. ಅವರು ಮೀಸೆಯ ಮೇಲೆ ಕೈಯಾಡಿಸಿದರು. "ಗೊತ್ತುಂಟು. ಕೆಲಸ ಎಲ್ಲಿ? ಸೊಸೈಟಿಯಲ್ಲಾ? ಪರ್ಮನೆಂಟಾ? ಮದುವೆ ಆಗಿದ್ಯಾ?"

ಈ ಊರಿನಲ್ಲಿ ಬಸ್ಸಿನ ಕಂಡಕ್ಟರೂ ಟಿಕೆಟು ಕೊಡುವಾಗ ಇಷ್ಟು ಕೇಳುತ್ತಾನೆ. ಬೇರೆ ದಿನವಾಗಿದ್ದರೆ ಭವಿತ್ ಉತ್ತರ ಕೊಟ್ಟು ಮರೆಯುತ್ತಿದ್ದ. ಆದರೆ ಇವತ್ತು ಒಂದೊಂದು ಉತ್ತರವನ್ನೂ ನಿಂತುಕೊಂಡೇ ಕೊಟ್ಟ. ಅದೇ ಹೊತ್ತಿಗೆ ಕೌಂಟರಿನಲ್ಲಿ ಕುಳಿತಿದ್ದವನು, "ಶೆಟ್ರೇ, ಆ ಕಡೆ ಸ್ವಲ್ಪ ನೋಡ್ತೀರಾ?" ಎಂದು ಬಹಳ ಮರ್ಯಾದೆಯಿಂದ ಕರೆದ.

ಮೊಬೈಲು ನಡುಗಿತು. ಮೂಲೆಯಿಂದ ಫಯಾಝ್‌ನ ಸಂದೇಶ. "ಅವರು ಸರ್ವರ್ ಅಲ್ಲ ಮಾರಾಯ. ಅವರೇ ಶಂಭು ಶೆಟ್ರು. ಶಾರ್ಜಾದಲ್ಲಿ ನಮ್ಮ ಧಣಿಯೂ ಹೀಗೇ ಮಾಡ್ತಿದ್ದ. ಜನರನ್ನು ನೋಡ್ಬೇಕಾದ್ರೆ ಸರ್ವರಿನ ಹಾಗೆ ಬಂದು ನಿಲ್ತಿದ್ದ. ಪುಣೆಯಿಂದ ನಿನ್ನನ್ನು ನೋಡ್ಲಿಕ್ಕೇ ಬಂದದ್ದು."

ಭವಿತ್ ಮೊಬೈಲನ್ನು ಟೇಬಲಿನ ಅಡಿಯಲ್ಲಿ ಅಡಗಿಸಿದ. ಶೆಟ್ಟರು ಮರಳಿ ಬಂದು, "ಒಬ್ರೇಯಾ? ಯಾರಾದ್ರೂ ಬರ್ಲಿಕ್ಕುಂಟಾ?" ಎಂದಾಗ, ಹುಡುಗಿ ನೋಡಲು ಬಂದವನೆಂದು ಹುಡುಗಿಯ ಮಾವನ ಮುಖಕ್ಕೇ ಹೇಳುವುದು ಹೇಗೆಂದು ತಿಳಿಯಲಿಲ್ಲ. "ಸೊಸೈಟಿಯ ಕೆಲಸದ ವಿಷಯ. ಒಬ್ರು ಬರ್ಲಿಕ್ಕುಂಟು," ಎಂದು ತೊದಲಿದ.

"ಮಡಂತ್ಯಾರಿಗೆ ಆಗಾಗ ಬರ್ತೀರಾ?"

"ಇನ್ನು ಮುಂದೆ ಯಾವಾಗಲೂ ಬರ್ತೇನೆ," ಎಂದ ಭವಿತ್, ತಲೆ ತಗ್ಗಿಸಿ. ಶೆಟ್ಟರು ಅವನನ್ನು ಕೊಂಚ ಹೊತ್ತು ದಿಟ್ಟಿಸಿ ನೋಡಿ, ಏನೋ ಹೊಳೆದವರಂತೆ ನಕ್ಕು ಒಳಗೆ ಹೋದರು.

ಸಾತ್ವಿಕಾ ಬಂದಳು. ಫೋಟೋಗಿಂತ ಚೆಂದವಿದ್ದಳು. ತಡವಾದದ್ದಕ್ಕೆ ಬಸ್ಸನ್ನು ಬೈಯದೆ ತನ್ನನ್ನೇ ಬೈದುಕೊಂಡಳು. ಅವಳು ಕಾಲೇಜಿನ ಮಕ್ಕಳ ಉತ್ತರಪತ್ರಿಕೆಯ ತಮಾಷೆ ಹೇಳಿದಳು, ಅವನು ಸತ್ತವರ ಹೆಸರಿನಲ್ಲಿ ಸಾಲ ಕೇಳಲು ಬಂದವರ ಕತೆ ಹೇಳಿದ. ಅವಳು ನಕ್ಕಾಗ ಭವಿತ್, ಈ ನಗು ದಿನಾ ಮನೆಯಲ್ಲಿ ಕೇಳುವಂತಾದರೆ ಬೇರೇನೂ ಬೇಡ ಎಂದುಕೊಂಡ. ಬೇಕಾದದ್ದು ಮಾವನ ಒಂದು ಹೂಂ ಮಾತ್ರ.

ಆ ಮಾವ ಎರಡೂ ಕೈಯಲ್ಲಿ ಗೋಳಿಬಜೆಯ ತಟ್ಟೆ ಹಿಡಿದು ಬಂದರು. ಭವಿತ್ ಸಟ್ಟನೆ ಎದ್ದು, "ಛೆ ಛೆ, ನೀವು ತರುವುದಾ?" ಎಂದು ತಟ್ಟೆಗಳನ್ನು ತಾನೇ ತೆಗೆದುಕೊಂಡ. ಚಹಾ ಬಂದಾಗಲೂ ಎದ್ದ. ಒಂದು ತೊಟ್ಟು ಚಟ್ನಿ ಟೇಬಲಿನ ಮೇಲೆ ಬಿದ್ದಾಗ ಶೆಟ್ಟರ ಹೆಗಲಿನ ಬಟ್ಟೆಯನ್ನು ಎಳೆದು ತಾನೇ ಒರೆಸಿದ. ಮೂರನೇ ಸಲ ಅವರು ಬಂದಾಗ ಪಕ್ಕದ ಕುರ್ಚಿ ಎಳೆದು, "ನೀವು ನಿಲ್ಲುದು ನಮಗೆ ಸರಿ ಕಾಣುದಿಲ್ಲ. ಒಂದು ಗಳಿಗೆ ಕುಳಿತುಕೊಳ್ಳಿ," ಎಂದ. ಮೂವತ್ತು ವರ್ಷ ನಿಂತೇ ಬಡಿಸಿದ ಶೆಟ್ಟರ ಕಾಲಿಗೆ ಆ ಮಾತು ಎಣ್ಣೆ ಹಚ್ಚಿದಂತಾಯಿತು. ಅವರು ಕುಳಿತರು. ಭವಿತ್ ಅವರ ಮುಂದೆ ತನ್ನ ನೀರಿನ ಲೋಟವನ್ನು ಸರಿಸಿದ. ಕೌಂಟರಿನವನು ಕುತ್ತಿಗೆ ಉದ್ದ ಮಾಡಿದ.

ಶೆಟ್ಟರು ಎದ್ದುಹೋದ ಮೇಲೆ ಸಾತ್ವಿಕಾ ದನಿ ತಗ್ಗಿಸಿ ಕೇಳಿದಳು, "ನಿಮಗೆ ಅವರ ಗುರ್ತ ಉಂಟಾ?"

"ಇನ್ನು ಗುರ್ತ ಆಗ್ಬೇಕಲ್ಲ," ಎಂದು ಭವಿತ್ ಅರ್ಥಗರ್ಭಿತವಾಗಿ ನಕ್ಕ. ಸಾತ್ವಿಕಾ ನಗಲಿಲ್ಲ, ಚಹಾ ಕುಡಿದಳು.

ಕೊನೆಗೆ ಬಿಲ್ಲು ಬಂತು. ಭವಿತ್ ಹಣ ಕೊಟ್ಟ. ಚಿಲ್ಲರೆ ಸೋಂಪಿನ ತಟ್ಟೆಯಲ್ಲಿ ಮರಳಿ ಬಂತು. ಸೋಂಪಿನ ಮೇಲೆ ಒಂದು ಐವತ್ತರ ನೋಟು ಮಡಚಿಕೊಂಡು ಮಲಗಿತ್ತು. ಅದನ್ನು ಅಲ್ಲೇ ಬಿಟ್ಟರೆ ಹುಡುಗಿಯ ಸೋದರಮಾವನಿಗೆ ಐವತ್ತು ರೂಪಾಯಿ ಭಕ್ಷೀಸು ಕೊಟ್ಟ ಹಾಗೆ. ಎತ್ತಿಕೊಂಡು ಜೇಬಿಗೆ ಹಾಕಿದರೆ, ಜಿಪುಣ. ಮೂಲೆಯಲ್ಲಿ ಟೀಚರ್ ಬೇಡವೆಂದು ತಲೆಯಾಡಿಸುತ್ತಿದ್ದರು. ಫಯಾಝ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಭವಿತ್ ನೋಟನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಶೆಟ್ಟರು ಎದುರಿಗೇ ನಿಂತಿದ್ದರು. ಏನು ಮಾಡುವುದೆಂದು ತೋಚದೆ ಭವಿತ್ ನೋಟನ್ನು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ಅವರ ಕಾಲು ಮುಟ್ಟಿದ.

ಪಕ್ಕದ ಟೇಬಲಿನವರು ದೋಸೆ ಬಿಟ್ಟು ಇತ್ತ ತಿರುಗಿದರು.

ಶೆಟ್ಟರ ಕಣ್ಣು ತುಂಬಿತು. ಅವರು ಅವನ ತಲೆಯ ಮೇಲೆ ಕೈಯಿಟ್ಟು, "ದೇವರು ಒಳ್ಳೇದು ಮಾಡ್ಲಿ ಮಗಾ," ಎಂದರು. ಕಾಲಿಗೆ ಬಿದ್ದ ಕಿರಿಯರ ಕೈಗೆ ಹಿರಿಯರು ಏನಾದರೂ ಹಾಕದೆ ಕಳುಹಿಸುವುದು ಎಲ್ಲಿಯಾದರೂ ಉಂಟೇ? ಅಂಗಿಯ ಜೇಬಿನಿಂದ ನೂರರ ನೋಟೊಂದನ್ನು ತೆಗೆದು ಅವನ ಮುಷ್ಟಿಯಲ್ಲಿಟ್ಟು ಒತ್ತಿದರು. ಐವತ್ತು ಕೊಡಲೋ ಬೇಡವೋ ಎಂದು ಒದ್ದಾಡುತ್ತಿದ್ದ ಭವಿತ್ ನೂರೈವತ್ತು ಹಿಡಿದುಕೊಂಡು ನಿಂತಿದ್ದ.

"ನಾನು ಮಾವನಲ್ಲಿ ಮಾತಾಡಿ ಫೋನ್ ಮಾಡ್ತೇನೆ," ಎಂದು ಸಾತ್ವಿಕಾ ಚೀಲ ಎತ್ತಿಕೊಂಡು ಹೊರಟಳು. ಮಾವನ ಕಡೆಗೆ ತಿರುಗಿಯೂ ನೋಡಲಿಲ್ಲ. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದು ಭವಿತ್‌ಗೆ ಮೆಚ್ಚುಗೆಯಾಯಿತು.

ಕಾರು ಹತ್ತಿದವನೇ ಅಮ್ಮನಿಗೆ ಫೋನ್ ಮಾಡಿದ. "ಅಮ್ಮಾ, ಶಂಭು ಶೆಟ್ರೇ ಬಂದಿದ್ರು. ಸರ್ವರಿನ ಹಾಗೆ ನಿಂತು ನನ್ನನ್ನು ಪರೀಕ್ಷೆ ಮಾಡಿದ್ರು. ಆಶೀರ್ವಾದ ಮಾಡಿ ನೂರು ರೂಪಾಯಿ ಕೊಟ್ರು. ಬೆಳ್ಳಗಿನ ಮೀಸೆ, ಭಾರೀ ಗತ್ತಿನ ಜನ. ಹುಡುಗಿಯೂ ನನಗೆ ಒಪ್ಪಿಗೆ."

"ನೋಡು, ಟಿಪ್ಸ್ ಕೊಡ್ಬೇಡ ಅಂತ ನಾನು ಹೇಳಿದ್ದೇ ಸರಿಯಾಯ್ತು," ಎಂದಳು ಪ್ರಫುಲ್ಲಾ.

"ಕಾಲು ಮುಟ್ಟಿದ್ದು ನಾನು ಕಲಿಸಿದ ಮರ್ಯಾದೆಯ ಫಲ," ಎಂದರು ಹಿಂದಿನ ಸೀಟಿನಿಂದ ಟೀಚರ್.

"ಅವರನ್ನು ಗುರ್ತ ಹಿಡಿದದ್ದು ಯಾರು?" ಎಂದ ಫಯಾಝ್.

ಟೀಚರ ಸಾಮಾನು ಖರೀದಿ ಮುಗಿಯಲು ಮಡಂತ್ಯಾರಿನಲ್ಲೇ ಮಧ್ಯಾಹ್ನವಾಯಿತು. ಆಮೇಲೆ ಗುರುವಾಯನಕೆರೆಯ ಹತ್ತಿರ ಕಾರಿನ ಹಿಂದಿನ ಚಕ್ರ ಉಸಿರು ಬಿಟ್ಟಿತು. ಬದಲಿ ಚಕ್ರದಲ್ಲೂ ಗಾಳಿಯಿರಲಿಲ್ಲ, ಭಾನುವಾರವಾದ್ದರಿಂದ ಪಂಕ್ಚರ್ ಅಂಗಡಿಯವನು ನೆಂಟರ ಮನೆಗೆ ಊಟಕ್ಕೆ ಹೋಗಿದ್ದ. ಅವನು ಬರುವ ತನಕ ಮೂವರೂ ಬಸ್ಸಿನ ತಂಗುದಾಣದಲ್ಲಿ ಕುಳಿತರು. ವೇಣೂರಿನ ಕಡೆಯ ಬಸ್ಸುಗಳು ಅವರ ಮುಂದೆಯೇ ಒಂದೊಂದಾಗಿ ಹೋದವು. ಸಾಮಾನು ಬಿಟ್ಟು ಬರಲು ಟೀಚರ್ ಒಪ್ಪಲಿಲ್ಲ, ಟೀಚರನ್ನು ಬಿಟ್ಟು ಹೋಗಲು ಭವಿತ್‌ಗೆ ಧೈರ್ಯವಾಗಲಿಲ್ಲ.

ಸಂಜೆಯ ಹೊತ್ತಿಗೆ ಸಾತ್ವಿಕಾಳ ಫೋನ್ ಬಂತು.

"ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ನೀವು ಆ ಸರ್ವರಿನ ಕೈಯಿಂದ ಹಣ ಯಾಕೆ ತೆಗೊಂಡ್ರಿ?"

"ಅವರು ನಿಮ್ಮ ಮಾವ ಅಲ್ವಾ?"

ಆಚೆ ಕಡೆಯಿಂದ ಬೆಳಿಗ್ಗಿನ ಆ ನಗು, ಇನ್ನಷ್ಟು ಉದ್ದವಾಗಿ. "ಮಾವ ಪುಣೆಯಲ್ಲಿದ್ದಾರೆ ಮಾರಾಯ್ರೇ. ನಿಮಗೆ ತಲೆ ಸರಿ ಉಂಟಾ ಅಂತ ನನಗೂ ಹೆದರಿಕೆಯಾಗಿತ್ತು. ಮಾವನಿಗೆ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. ಟಿಪ್ಸ್ ಕೊಟ್ಟವರನ್ನು ನೋಡಿದ್ದೇನೆ, ಕೊಡದವರನ್ನು ನೋಡಿದ್ದೇನೆ, ಸರ್ವರಿನಿಂದಲೇ ಟಿಪ್ಸ್ ತೆಗೊಂಡವನನ್ನು ಇದೇ ಮೊದಲು ಕೇಳುದು ಅಂದ್ರು. ಬಡಿಸುವವರನ್ನು ಕುರ್ಚಿ ಕೊಟ್ಟು ಕೂರಿಸಿದ ಹುಡುಗ ಮನೆಯವರನ್ನು ಹೇಗೆ ನೋಡಿಕೊಳ್ತಾನೆ ಅಂತ ಬೇರೆ ಕೇಳುದೇ ಬೇಡ ಅಂದ್ರು. ಅವರು ಹೂಂ ಅಂದ್ರು. ನಾನು ಕೂಡ."

ಭವಿತ್ ತಂಗುದಾಣದ ಕಂಬ ಹಿಡಿದುಕೊಂಡ. "ಮತ್ತೆ ಹಿಂದಿನ ಹುಡುಗನ ಟಿಪ್ಸು?"

"ಅವ ಐನೂರು ಕೊಟ್ಟ. ಕೊಟ್ಟು, ಸರ್ವರನ್ನು ಪಕ್ಕದಲ್ಲಿ ನಿಲ್ಲಿಸಿ ವೀಡಿಯೋ ತೆಗೆದು ಸ್ಟೇಟಸ್ ಹಾಕಿದ. ಎಷ್ಟು ಅಂತ ಅಲ್ಲ, ಹೇಗೆ ಅಂತ ಮಾವ ನೋಡುದು. ಆಯ್ತು, ಮಾವ ಇವತ್ತೇ ನಿಮ್ಮ ತಾಯಿಗೆ ಫೋನ್ ಮಾಡ್ತಾರೆ. ಅವರಿಗೆ ಹಿರಿಯರ ಹತ್ರ ಮಾತಾಡದೆ ಸಮಾಧಾನ ಇಲ್ಲ. ಸ್ವಲ್ಪ ಕೋಪಿಷ್ಠರು, ತಾಯಿಗೆ ಹೇಳಿಡಿ."

ಭವಿತ್ ಅಮ್ಮನಿಗೆ ಫೋನ್ ಮಾಡಿದ. ಅಮ್ಮನ ಫೋನ್ ಬಿಡುವಿಲ್ಲ ಎಂದಿತು. ಸುದ್ದಿ ಅಷ್ಟರಲ್ಲೇ ನೆಂಟರ ಮನೆಗಳಿಗೆ ಹೋಗುತ್ತಿದೆಯೆಂದು ಅವನು ಖುಷಿಯಲ್ಲೇ ಬಿಟ್ಟುಬಿಟ್ಟ. ಚಕ್ರ ಸರಿಯಾಯಿತು. ದಾರಿಯುದ್ದಕ್ಕೂ ಫಯಾಝ್ ಹಾರ್ನನ್ನು ಮದುವೆಯ ವಾಲಗದ ಹಾಗೆ ಬಾರಿಸಿದ.

ಮನೆಯ ಮುಂದೆ ಕಾರು ನಿಂತಿತು. ಇಳಿದ ಭವಿತ್ ಅಂಗಳದಲ್ಲೇ ನೆಟ್ಟ ಕಂಬವಾದ.

ಜಗಲಿಯ ದೊಡ್ಡ ಕುರ್ಚಿಯಲ್ಲಿ ಬೆಳ್ಳಗಿನ ಮೀಸೆಯ ಸರ್ವರ್ ಶೆಟ್ಟರು ಕುಳಿತಿದ್ದರು. ಅಂಚಿನ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿದ್ದರು. ಎದುರಿನ ಸ್ಟೂಲಿನ ಮೇಲೆ ಹರಿವಾಣ, ಅದರಲ್ಲಿ ವೀಳ್ಯದೆಲೆ, ಅಡಿಕೆ. ಪ್ರಫುಲ್ಲಾ ಒಳ್ಳೆಯ ಸೀರೆ ಉಟ್ಟು ಚಹಾ ಬಡಿಸುತ್ತಿದ್ದಳು.

"ಬಂದ ನೋಡಿ," ಎಂದಳು ಅವಳು, ಮುಖ ಊರಗಲ ಮಾಡಿಕೊಂಡು. "ಮಗಾ, ಇವರು ಆಗಲೇ ಬಂದ್ರು. ಹೋಟೆಲಿನಿಂದ ಬಂದದ್ದು ಅಂತ ಹೇಳುವಾಗಲೇ ನನಗೆ ಗುರ್ತವಾಯ್ತು. ಹೆಸರು ಹೇಳುವಷ್ಟೂ ಕಷ್ಟ ಕೊಡ್ಲಿಲ್ಲ ನಾನು. ಮಧ್ಯಾಹ್ನದ ಮೇಲೆ ರಜೆ ಕೇಳಿ ಬಂದೆ ಅಂತಾರೆ. ಇಷ್ಟು ದೊಡ್ಡ ಜನ, ಎಷ್ಟು ಸಾದಾ ಮಾತು ನೋಡು. ನಾನು ಮಾತು ಕೊಟ್ಟಾಯ್ತು. ಎಲೆ ಅಡಿಕೆಯೂ ಕೊಟ್ಟಾಯ್ತು. ವಾರಿಜಕ್ಕನಿಗೂ ನಿನ್ನ ಚಿಕ್ಕಮ್ಮನವರಿಗೂ ಹೇಳಿ ಆಯ್ತು."

"ಕುಳಿತುಕೊಳ್ಳಿ ಮಗಾ, ಇವತ್ತು ನಿಮಗೆ ನಿಂತು ನಿಂತು ಸಾಕಾಗಿದೆ," ಎಂದು ಶೆಟ್ಟರು ಪ್ರೀತಿಯಿಂದ ಪಕ್ಕದ ಕುರ್ಚಿ ತೋರಿಸಿದರು. "ನಮ್ಮ ಹುಡುಗಿ ದೀಕ್ಷಾ ಹೋಟೆಲಿನ ಪಕ್ಕದ ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ಇರುದು. ನೀವು ಅವಳನ್ನು ಅಲ್ಲೇ ನೋಡಿ ಮನಸ್ಸು ಮಾಡಿರ್ಬೇಕು. ಇಲ್ಲದಿದ್ರೆ ಒಬ್ಬ ಸರ್ವರಿಗೆ ಯಾರಾದ್ರೂ ಎದ್ದು ನಿಲ್ತಾರಾ, ಕಾಲು ಮುಟ್ತಾರಾ? ಇನ್ನು ಮಡಂತ್ಯಾರಿಗೆ ಯಾವಾಗಲೂ ಬರ್ತೇನೆ ಅಂದಾಗಲೇ ನನಗೆ ಗೊತ್ತಾಯ್ತು. ನನ್ನನ್ನು ಅಷ್ಟು ಮರ್ಯಾದೆಯಿಂದ ನೋಡಿದವರು ನನ್ನ ಮಗಳನ್ನು ಚೆನ್ನಾಗಿ ನೋಡಿಕೊಳ್ತಾರೆ ಅಂತ ನೇರ ಬಂದುಬಿಟ್ಟೆ."

ಪ್ರಫುಲ್ಲಾ ಬಿಸ್ಕತ್ತು ತರಲು ಒಳಗೆ ಹೋಗಿದ್ದಳು. ಇದನ್ನು ಕೇಳಿದವರು ಅಂಗಳದ ಮೂವರು ಮಾತ್ರ. ಫಯಾಝ್ ಕಾರಿನ ಬಾಗಿಲನ್ನು ಸದ್ದಾಗದಂತೆ ತೆರೆದು ಮತ್ತೆ ಒಳಗೆ ಕುಳಿತ. ಟೀಚರ್ ಚೀಲದೊಳಗೆ ಏನನ್ನೋ ಹುಡುಕತೊಡಗಿದರು.

"ನೋಡಿ, ಒಂದು ಸಣ್ಣ ತಪ್ಪು..." ಎಂದು ಭವಿತ್ ಬಾಯಿ ತೆರೆದ. ಶೆಟ್ಟರ ಮುಖದಲ್ಲಿದ್ದ ಸಂತೋಷ ನೋಡಿ, "ಚಹಾ ಆರ್ತದೆ, ಕುಡೀರಿ," ಎಂದು ಮಾತು ಬದಲಿಸಿದ.

ಅಷ್ಟರಲ್ಲಿ ಒಳಗೆ ಅಮ್ಮನ ಮೊಬೈಲು ರಿಂಗಾಯಿತು. ಭವಿತ್ ಮೆಟ್ಟಿಲು ಎಡವಿ ಒಳಗೆ ಓಡಿದ. ಪ್ರಫುಲ್ಲಾ ಆಗಲೇ ಫೋನ್ ಕಿವಿಗೆ ಹಿಡಿದು, ಬಿಸ್ಕತ್ತಿನ ತಟ್ಟೆಯೊಂದಿಗೆ ಜಗಲಿಗೆ ಬರುತ್ತಿದ್ದಳು.

"ಯಾರು? ಪುಣೆಯಿಂದಲಾ? ಯಾವ ಶಂಭು ಶೆಟ್ರು?" ಅವಳ ಹುಬ್ಬು ಗಂಟಿಕ್ಕಿತು. "ಅಮ್ಮಾ, ಫೋನ್ ಕೊಡು," ಎಂದು ಭವಿತ್ ಕೈ ಚಾಚಿದ. ಅವಳು ಅವನ ಕೈಯನ್ನು ನೊಣ ಓಡಿಸುವ ಹಾಗೆ ಸರಿಸಿದಳು. "ಶಂಭು ಶೆಟ್ರು ಇಲ್ಲಿ ನನ್ನ ಎದುರಿಗೇ ಚಹಾ ಕುಡೀತಾ ಇದ್ದಾರೆ. ನಿನ್ನಂಥವರ ವಿಷಯ ದಿನಾ ಪೇಪರಿನಲ್ಲಿ ಓದ್ತೇನೆ ನಾನು. ಮೊದಲು ಸಂಬಂಧದ ಮಾತು, ಆಮೇಲೆ ಓಟಿಪಿ, ಅಲ್ವಾ? ನಾಚಿಕೆ ಆಗುದಿಲ್ವಾ ಮರ್ಯಾದಸ್ಥರ ಹೆಸರು ಹೇಳಿ ಮೋಸ ಮಾಡ್ಲಿಕ್ಕೆ? ದುಡಿದು ತಿನ್ನು. ಬೇರೆ ಏನೂ ಬಾರದಿದ್ರೆ ಯಾವುದಾದ್ರೂ ಹೋಟೆಲಿನಲ್ಲಿ ಲೋಟ ತೊಳಿ."

ಫೋನ್ ಕಟ್ ಮಾಡಿ, ನಂಬರನ್ನು ಬ್ಲಾಕ್ ಕೂಡ ಮಾಡಿ, ಅವಳು ಗೆದ್ದವಳಂತೆ ಶೆಟ್ಟರ ಕಡೆಗೆ ತಿರುಗಿದಳು. "ಕಳ್ಳರಿಗೆ ಎಷ್ಟು ಬೇಗ ಸುದ್ದಿ ಹೋಗ್ತದೆ ನೋಡಿ ಶಂಭು ಶೆಟ್ರೇ. ನಿಮ್ಮ ಹೆಸರಿನಲ್ಲೇ ಫೋನ್ ಮಾಡ್ತಾರೆ."

ಭವಿತ್‌ನ ಜೇಬಿನಲ್ಲಿ ಮೊಬೈಲು ನಡುಗಿತು. ಸಾತ್ವಿಕಾಳ ಸಂದೇಶ. "ಮಾವ ಬೇಡ ಅಂದ್ರು. ಟಿಪ್ಸಿನ ವಿಷಯಕ್ಕೆ ಅಲ್ಲ."

ಜಗಲಿಯಲ್ಲಿ ಶೆಟ್ಟರು ಕುಡಿಯುತ್ತಿದ್ದ ಚಹಾದ ಲೋಟವನ್ನು ನಿಧಾನವಾಗಿ ಸ್ಟೂಲಿನ ಮೇಲೆ, ಹರಿವಾಣದ ಪಕ್ಕದಲ್ಲಿಟ್ಟರು.

"ಅಕ್ಕಾ," ಎಂದರು. "ನನ್ನ ಹೆಸರು ದೂಮಣ್ಣ ಶೆಟ್ಟಿ. ಈ ಶಂಭು ಶೆಟ್ರು ಯಾರು?"